ಬಿಸಿಲಿನಲ್ಲಿ ಹಿಡಿದ ಬ್ರೇಕು

ನನ್ನ ಸಣ್ಣ ಮಾವ, ಅಂದರೆ ಅಮ್ಮನ ತಮ್ಮ, ತೀರಿಕೊಂಡದ್ದು ಕದ್ರಿಯ ಇಳಿಜಾರಿನಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲದಲ್ಲಿ. ಬೊಂಬಾಯಿಯ ಹೋಟೆಲಿನ ಕೆಲಸ ಬಿಟ್ಟು ಬರುವಾಗ ಅವರು ತಂದಿದ್ದ ಪುಟ್ಟ ಮೋಟಾರ್ ಸೈಕಲು ವಯಸ್ಸಿನಲ್ಲಿ ನನಗಿಂತ ಹಿರಿಯದು, ಶಬ್ದದಲ್ಲಿ ಹೊಲಿಗೆ ಮೆಷಿನಿನ ತಮ್ಮ. ತಿರುವಿನಲ್ಲಿದ್ದ ಕೆಂಪುಕಲ್ಲಿನ ಗೋಡೆಗೆ ಅದು ಸುರಿಯುವ ಮಳೆಯಲ್ಲಿ ನೇರ ಹೋಗಿ ಗುದ್ದಿತ್ತು. ಗಾಡಿಗೆ ಹೆಚ್ಚೇನೂ ಆಗಿರಲಿಲ್ಲ. ಹ್ಯಾಂಡಲು ಸೊಟ್ಟಗಾಗಿ ದೀಪ ಒಡೆದಿತ್ತು, ಅಷ್ಟೆ.

ಅಪಘಾತವಾದ ಗಾಡಿಯನ್ನು ಬ್ರೇಕ್ ಇನ್ಸ್‌ಪೆಕ್ಟರು ಪರೀಕ್ಷಿಸಬೇಕು. ಮಳೆ ಬಿಟ್ಟು ಬಿಸಿಲು ಬಂದ ದಿನ ಅವರು ಬಂದರು. ಠಾಣೆಯ ಅಂಗಳದಲ್ಲಿ ಸೊಟ್ಟ ಹ್ಯಾಂಡಲಿನಲ್ಲೇ ಓಡಿಸಿ ಬ್ರೇಕ್ ಒತ್ತಿದರು. ಗಾಡಿ ಗಕ್ಕನೆ ನಿಂತಿತು. ಯಂತ್ರದಲ್ಲಿ ದೋಷವಿಲ್ಲ ಎಂದು ಹೇಳಿ ಹೋದರು.

ಯಂತ್ರದಲ್ಲಿ ಇಲ್ಲದ ದೋಷವನ್ನು ಜನ ಸವಾರನಲ್ಲಿ ಹುಡುಕಿದರು. ಮೊದಲು ಹುಡುಕಿದವರು ಸತ್ತವರ ಅಣ್ಣ, ನಮ್ಮ ದೊಡ್ಡ ಮಾವನೇ.

"ಬ್ರೇಕ್ ಸರಿ ಉಂಟು ಅಂತಾದ್ರೆ ಮತ್ತೆ ಎಂತ ಸರಿ ಇರ್ಲಿಲ್ಲ? ಅದನ್ನೂ ನಾನೇ ಹೇಳ್ಬೇಕಾ?" ಎಂದು ಅವರು ಹೆಬ್ಬೆರಳನ್ನು ಬಾಯಿಯ ಕಡೆಗೆ ಎತ್ತಿ ತೋರಿಸಿದರು.

ಸಣ್ಣ ಮಾವ ಬೊಂಬಾಯಿಯಲ್ಲಿ ಕುಡಿಯುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಮದುವೆಯಾದ ಮೇಲೆ ಬಿಟ್ಟದ್ದು ಅವರ ಹೆಂಡತಿಗೆ, ನನ್ನ ಅತ್ತೆಗೆ, ಮಾತ್ರ ಗೊತ್ತಿತ್ತು.

ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ಪದ್ಧತಿ. ಯಾರಿಗೆ ಏನು ಇಷ್ಟವೋ ಅದನ್ನೇ ಇಡಬೇಕು. ಸತ್ತ ಗಂಡಸು ಅವನ ತಾಯಿಯ ಮನೆಗೆ ಸೇರಿದವನು, ಹಾಗಾಗಿ ಎಲೆ ಹಾಕುವುದು ಮಣ್ಣಗುಡ್ಡದ ನಮ್ಮ ಮನೆಯಲ್ಲೇ. ಹೆಂಡತಿ ಆ ಹೊತ್ತಿಗೆ ಬಂದು ಹೋಗುವ ನೆಂಟರ ಲೆಕ್ಕ. ಆ ವರ್ಷ ಅಮ್ಮ ಕೋಳಿ ಸಾರು, ರೊಟ್ಟಿ ಬಡಿಸಿ, ಕಳ್ಳಿನ ಗ್ಲಾಸು ಎತ್ತಿಕೊಂಡರು.

"ಅದೊಂದು ಇಡ್ಬೇಡಿ ಅಕ್ಕ," ಎಂದರು ಅತ್ತೆ. "ಅವರು ಬಿಟ್ಟಿದ್ರು."

"ಸತ್ತ ಮೇಲೆ ಎಂತ ಬಿಡುವುದು ಮಾರಾಯ್ತಿ?" ದೊಡ್ಡ ಮಾವ ನಕ್ಕರು. "ಬೇಕಾದ್ರೆ ಕುಡೀತಾನೆ, ಬೇಡದಿದ್ರೆ ಇಲ್ಲ."

"ಗ್ಲಾಸ್ ಇಟ್ರೆ ಅವರು ಕುಡಿದೇ ಸತ್ತದ್ದು ಅಂತ ಮನೆಯವರೇ ಒಪ್ಪಿದ ಹಾಗೆ ಆಗ್ತದೆ ಭಾವ."

ಅಮ್ಮ ಗ್ಲಾಸು ಹಿಡಿದು ಅತ್ತೆಯನ್ನೂ ದೊಡ್ಡ ಮಾವನನ್ನೂ ನೋಡಿದರು. ಆಮೇಲೆ ಎಲೆಯ ಪಕ್ಕದಲ್ಲೇ ಇಟ್ಟರು. ಅತ್ತೆ ಊಟ ಮಾಡಲಿಲ್ಲ. ಕೊಡೆ ಬಿಡಿಸಿಕೊಂಡು ಮಳೆಯಲ್ಲೇ ಬಸ್ಸಿಗೆ ನಡೆದರು.

ನಾನಾಗ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮರುವರ್ಷ ಗಾಡಿಯನ್ನು ಮಾರಿಬಿಡೋಣವೆಂದು ರಿಪೇರಿ ಮಾಡಿಸಿ, ಹೊಸ ಬ್ಯಾಟರಿ ಹಾಕಿಸಿ ಅಂಗಳಕ್ಕೆ ತಂದೆ. ಮಳೆ ಸುರುವಾದದ್ದೇ ಅದರ ಹಾರ್ನು ತಾನಾಗಿ ಕೂಗತೊಡಗಿತು. ಸವಾರನಿಲ್ಲ, ಕೀ ನನ್ನ ಜೇಬಿನಲ್ಲಿ. ಟರ್ಪಾಲಿನ ಒಳಗಿಂದ ಕಟ್ಟಿಹಾಕಿದ ಕರುವಿನ ಹಾಗೆ ಒಂದು ಕ್ಷೀಣ ಸ್ವರ. ವಯರಿಗೆ ನೀರು ಇಳಿದದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕೈಯ ರೋಮ ಏಳುತ್ತಿತ್ತು. ಅಮ್ಮ ಕಿಟಕಿಗೆ ಬಂದು ಸತ್ತ ತಮ್ಮನನ್ನು ಕೇಳುತ್ತಿದ್ದರು: "ಎಂತ ಬೇಕು ಮಗಾ ನಿಂಗೆ? ಹೇಳು, ಎಂತ ಬೇಕು?"

ಕೊಳ್ಳಲು ಒಬ್ಬ ಬಂದ. "ಜನ ಸತ್ತ ಗಾಡಿ ಅಲ್ವಾ? ಬ್ರೇಕ್ ಇನ್ಸ್‌ಪೆಕ್ಟರ್ ಇನ್ನೊಮ್ಮೆ ಪಾಸ್ ಮಾಡ್ಲಿ," ಎಂದ. ಮಳೆ ಬಿಟ್ಟು ಹೊಳವಾಗಿದ್ದ ಒಂದು ಬೆಳಿಗ್ಗೆ ನಾನು ಅದನ್ನು ಕದ್ರಿ ಗುಡ್ಡದ ಮೇಲೆ ಪರೀಕ್ಷೆ ನಡೆಯುತ್ತಿದ್ದ ಬಯಲಿಗೆ ಒಯ್ದೆ. ಅದೇ ಇನ್ಸ್‌ಪೆಕ್ಟರು. ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ತಾವೇ ಹತ್ತಿ ಓಡಿಸಿ, ಒಂದಲ್ಲ ನಾಲ್ಕು ಸಲ ಬ್ರೇಕ್ ಒತ್ತಿದರು.

"ಹೋದ ವರ್ಷವೂ ನಾನೇ ನೋಡಿದ್ದು ಕಣ್ರೀ. ಆಗಲೂ ಹೀಗೇ ಹಿಡಿದಿತ್ತು. ಗಾಡಿ ಮುದುಕ, ಬ್ರೇಕ್ ಹುಡುಗ!"

ಪಾಸಾಯಿತು. ಹೊರಟು ಸ್ವಲ್ಪ ದೂರ ಬಂದಿದ್ದೆನೋ ಇಲ್ಲವೋ, ಆಕಾಶ ಒಡೆದುಕೊಂಡು ಸುರಿಯಿತು. ರಸ್ತೆಗೆ ಅಡ್ಡ ಹರಿಯುತ್ತಿದ್ದ ನೀರು ಚಕ್ರದ ನಡುವಿನವರೆಗೆ ಬಂತು. ಅದನ್ನು ದಾಟಿ ಇಳಿಜಾರಿಗೆ ಬಿದ್ದ ಮೇಲೆ ಬ್ರೇಕ್ ಒತ್ತಿದೆ.

ಹಿಡಿಯಲಿಲ್ಲ. ಕೈಯದ್ದನ್ನು ಹಿಂಡಿದೆ. ಅದೂ ಇಲ್ಲ. ಕಾಲಡಿಯಲ್ಲಿ ಪೆಡಲು ಇತ್ತು, ಕೈಯಲ್ಲಿ ಲಿವರು ಇತ್ತು. ಎರಡಕ್ಕೂ ಚಕ್ರಕ್ಕೂ ನೆಂಟಸ್ತಿಕೆ ಇಲ್ಲದ ಹಾಗೆ ಗಾಡಿ ಇಳಿಯುತ್ತಲೇ ಇತ್ತು. ಅದೇ ಕೆಂಪು ಗೋಡೆ ಮಳೆಯ ಪರದೆಯ ಹಿಂದೆ ಮೊದಲು ಮಸುಕಾಗಿ, ಆಮೇಲೆ ಕಲ್ಲು ಕಲ್ಲಾಗಿ ಕಂಡಿತು. ಆಗ ನನ್ನ ಪಾದದ ಮೇಲೆ ಇನ್ನೊಂದು ಪಾದ ಕೂತು, ನನಗಿಂತ ಜೋರಾಗಿ ಆ ಪೆಡಲನ್ನು ಒತ್ತುತ್ತಿದೆ ಅನ್ನಿಸಿತು. ಇದನ್ನು ನಂಬಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ರಸ್ತೆ ಕೆಲಸಕ್ಕೆಂದು ಬದಿಯಲ್ಲಿ ಮರಳು ರಾಶಿ ಹಾಕಿದ್ದರು. ಅದಕ್ಕೆ ನುಗ್ಗಿಸಿ ಉರುಳಿಕೊಂಡೆ.

ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿಯನ್ನು ತಳ್ಳಿಕೊಂಡು ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆ. ಮಳೆ ಬಿಟ್ಟು ನೀರೆಲ್ಲ ಇಳಿದ ಮೇಲೆ ತಳ್ಳುತ್ತ ತಳ್ಳುತ್ತ ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಗಕ್ಕನೆ ಹಿಡಿಯಿತು, ಏನೂ ನಡೆದೇ ಇಲ್ಲ ಎನ್ನುವ ಹಾಗೆ. ಇನ್ಸ್‌ಪೆಕ್ಟರು ಸುಳ್ಳು ಹೇಳಿರಲಿಲ್ಲ. ಎರಡು ಸಲವೂ ಅವರು ನೋಡಿದ್ದು ಒಣಗಿದ ಬ್ರೇಕನ್ನು.

ಮನೆಗೆ ಹೋಗದೆ ಮೊದಲು ಅತ್ತೆಯ ಮನೆಗೆ ಹೋದೆ. ಅವರು ಬಸಳೆ ಕೊಯ್ಯುತ್ತಿದ್ದರು. ಸಂಭ್ರಮದಿಂದಲೇ ಎಲ್ಲ ಹೇಳಿದೆ: "ಅವರು ಕುಡಿದಿರ್ಲಿಲ್ಲ ಅತ್ತೆ. ಗಾಡಿಯೇ ಹಾಗೆ."

ಅತ್ತೆಯ ಮುಖ ಅರಳಲಿಲ್ಲ.

"ಮೇಲಿಂದಲೇ ಹಿಡೀಲಿಲ್ವಾ?"

"ಮೇಲಿಂದಲೇ."

"ಗೋಡೆ ಕಾಣ್ತಾ ಇತ್ತಾ?"

"ಕಾಣ್ತಾ ಇತ್ತು."

"ಹಾಗಾದ್ರೆ ಅವರಿಗೂ ಕಂಡಿರ್ತದೆ," ಎಂದರು. ಆಮೇಲೆ ನನಗೆ ಚಹಾ ಕೊಟ್ಟರು. ಅಷ್ಟು ಹೊತ್ತು ನನಗೆ ಅದು ಹೊಳೆದೇ ಇರಲಿಲ್ಲ.

ಗಾಡಿಯನ್ನು ಯಾರಿಗೂ ಮಾರದೆ ಬಿಚ್ಚಿಸಿ ಗುಜರಿಗೆ ಹಾಕಿದೆವು.

ಆಟಿಯಲ್ಲಿ ಅತ್ತೆ ಬಂದರು. "ನಾನು ಆಡಿದ್ದು ತಪ್ಪಾಯ್ತು ಮಾರಾಯ್ತಿ, ನನ್ನ ಬಾಯಿಗೇ ಬ್ರೇಕ್ ಇಲ್ಲ," ಎಂದರು ದೊಡ್ಡ ಮಾವ. ಅಮ್ಮ ಎಲ್ಲ ಬಡಿಸಿದರು, ಗ್ಲಾಸು ಇಡಲಿಲ್ಲ. ಅತ್ತೆ ಎಲೆಯನ್ನೇ ನೋಡುತ್ತ ನಿಂತಿದ್ದರು.

"ಅಕ್ಕ, ಕಳ್ಳು ತರಿಸ್ಲಿಲ್ವಾ?"

"ನೀನೇ ಅಲ್ವಾ ಬೇಡ ಅಂದದ್ದು?"

"ಕುಡಿದಿರ್ಲಿಲ್ಲ ಅಂತ ಈಗ ಎಲ್ಲರಿಗೂ ಗೊತ್ತಾಯ್ತಲ್ಲ. ಆ ಗೋಡೆ ಕಂಡು ತುಂಬ ಹೆದರಿದ್ದಾರೆ ಅವರು. ಒಂದು ಗ್ಲಾಸ್ ಇರ್ಲಿ."

ದೊಡ್ಡ ಮಾವ ಉಳಿದ ಹಿರಿಯರ ಎಲೆಗೆಂದು ತಂದಿದ್ದ ಕಳ್ಳಿನಿಂದ ತಾವೇ ಒಂದು ಗ್ಲಾಸು ಬಗ್ಗಿಸಿದರು. ಅತ್ತೆ ಅದನ್ನು ಎಲೆಯ ಬದಿಯಲ್ಲಿಟ್ಟರು. ಸತ್ತವರು ಬಂದು ಉಣ್ಣಲೆಂದು ಬಾಗಿಲು ಎಳೆದು ಎಲ್ಲರೂ ಹೊರಗೆ ಕೂತೆವು. ತುಸು ಹೊತ್ತಿನ ಮೇಲೆ ಮನೆಯ ಹಿರಿಯರು ಕೆಮ್ಮಿ ಬಾಗಿಲು ತೆರೆಯುವುದು ಕ್ರಮ. ದೊಡ್ಡ ಮಾವ ಗಂಟಲು ಸರಿಮಾಡಿಕೊಂಡು ಏಳಹೊರಟರು.

"ಇನ್ನು ಸ್ವಲ್ಪ ಕೂತ್ಕೊಳ್ಳಿ ಭಾವ," ಎಂದರು ಅತ್ತೆ. "ನಿಧಾನಕ್ಕೆ ಕುಡೀಲಿ."