ಹಾಲಪ್ಪನ ‘ಬೇಸ್’

ವಡೋದರಾದ ಫತೇಗಂಜಿನ ಹಾಸ್ಟೆಲೊಂದರ ಮಾಳಿಗೆಯ ಮೇಲೆ ಸಂಜೆಯ ಬಿಸಿಲು ಮೆತ್ತಗಾಗಿತ್ತು. ಪ್ಲಂಬರ್ ಹಾಲಪ್ಪ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತು, ಮಗಳು ಆಶ್ರಿತಾ ಪೈಪ್ ಒರೆಸುವುದನ್ನೇ ನೋಡುತ್ತಿದ್ದ. ಡಿಪ್ಲೊಮಾ ಮುಗಿಸಿದ ಹುಡುಗಿ. ಬೆಳಗಾದರೆ ಸೂರತ್ತಿಗೆ, ಹಜೀರಾದ ಕಾರ್ಖಾನೆಯೊಂದರ ಕೆಲಸಕ್ಕೆ ಹೊರಡುವವಳು. ಹೋಗುವ ಮುಂಚೆ ಒಂದು ಜಾಯಿಂಟನ್ನಾದರೂ ತಾನೇ ಮಾಡಬೇಕೆಂದು ಹಟ ಹಿಡಿದು ಬಂದಿದ್ದಳು. ಅವಳು ಮುನಿಸಿಕೊಂಡೇ ಹೋಗುತ್ತಿದ್ದಾಳೆಂದು ಹಾಲಪ್ಪನಿಗೆ ಗೊತ್ತು. ಯಾತರ ಮುನಿಸೆಂಬುದೇ ತಿಳಿಯದೆ, ಅದು ಎದೆಯೊಳಗೆ ಮುರಿದ ಮುಳ್ಳಿನಂತೆ ಚುಚ್ಚುತ್ತಿತ್ತು.

“ಬೆರಳು ಹಚ್ಚಬ್ಯಾಡ! ಮತ್ತ ಮುಟ್ಟಾಕ ಒರೆಸಿದೇನು?”

“ಮುಟ್ಟಿಲ್ಲ ಪಪ್ಪಾ. ಕೂಗಾಡಬೇಡಿ.”

ಹಾಲಪ್ಪನ ಬಾಯಿ ಉರಿಯುವ ಒಲೆ, ಕೈ ಮಾತ್ರ ತಣ್ಣೀರು. ಕೊಪ್ಪಳ ಬಿಟ್ಟು ವಡೋದರಾ ಸೇರಿದವನು, ಬೇರೆಯವರಂತೆ ಪೈಪಿಗೆ ನೇರವಾಗಿ ಅಂಟಿಸುವ ಸಲ್ಯೂಷನ್ ಬಳಿದವನೇ ಅಲ್ಲ. ಕೊಯ್ದ ಅಂಚನ್ನು ಕೆರೆದು, ಕ್ಲೀನರಿನಲ್ಲಿ ಜಿಡ್ಡು ತೆಗೆದು, ಆಮೇಲೆ ನೇರಳೆ ಬಣ್ಣದ ಪ್ರೈಮರ್. “ಪ್ಲಾಸ್ಟಿಕ್ಕಿಂದು ಗಡುಸು ಮೈ. ಪ್ರೈಮರ್ ಕುಡಿದು ಮೆತ್ತಗಾಗಬೇಕು. ಮೆತ್ತಗಾದ್ರನ ಒಂದರಾಗೊಂದು ಬೆರೀತಾವ,” ಎನ್ನುವನು. ಊರಿನ ಗೋಡೆಗಳೊಳಗೆ ಕತ್ತಲಲ್ಲಿ ಹರಿಯುವ ನೀರು ತನ್ನ ಕೈ ಸವರಿಕೊಂಡೇ ಹೋಗುತ್ತಿದೆಯೆಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಆಶ್ರಿತಾ ಪ್ರೈಮರ್ ಹಚ್ಚಿದಳು, ಮೊದಲು ಪೈಪು ಕೂರುವ ಸಾಕೆಟ್ಟಿನ ಒಳಮೈಗೆ, ಆಮೇಲೆ ಪೈಪಿನ ತುದಿಗೆ. ಅದರ ಘಾಟು ಗಾಳಿಯಲ್ಲಿ ತೇಲಿತು. ಪಡುವಣದ ಆಕಾಶಕ್ಕೂ ಯಾರೋ ಅದೇ ಬಣ್ಣ ಬಳಿಯುತ್ತಿದ್ದಂತಿತ್ತು. ಗಿಳಿಗಳ ಹಿಂಡೊಂದು ಯೂನಿವರ್ಸಿಟಿಯ ಮರಗಳತ್ತ ಹಾರಿತು. ಮಾಳಿಗೆಯೇ ನೆಲ ಬಿಟ್ಟು ಮೆಲ್ಲಗೆ ತೇಲಿದಂತಾಗಿ ಹಾಲಪ್ಪ ಟ್ಯಾಂಕನ್ನು ಹಿಡಿದುಕೊಂಡ.

ಬಣ್ಣ ಹಸಿಯಾಗಿರುವಾಗಲೇ ಅವಳು ಸಲ್ಯೂಷನ್ ಬಳಿದು, ಪೈಪನ್ನು ಒಳಗೆ ತಳ್ಳುತ್ತ ಕಾಲು ಸುತ್ತು ತಿರುಗಿಸಿ, ಬಿಗಿಯಾಗಿ ಹಿಡಿದಳು. ಕೈ ಬಿಟ್ಟಾಗ ಜಾಯಿಂಟಿನ ಸುತ್ತ ಸಲ್ಯೂಷನ್ನಿನ ಸಮನಾದ ತೆಳು ಬಳೆ ಮೂಡಿತ್ತು. ಹಾಲಪ್ಪ ಬಾಗಿ ಅದನ್ನೇ ನೋಡಿದ.

“ಬೇಸ್!” ಎಂದ.

ಅವಳು ಮುಖ ಸಪ್ಪಗೆ ಮಾಡಿಕೊಂಡು ಅಲ್ಲೇ ಕೂತಳು.

“ಏ, ಧೂಳಾಗ ಯಾಕ ಕುಂತಿ? ಹೊಸಾ ಅರಿವಿ!”

“ನೀವೇ ಹೇಳಿದ್ರಲ್ಲ! ನಾನು ಏನು ಮಾಡಿದ್ರೂ ಬೇಸ್, ಬೇಸ್. ಸುಮ್ನೆ ಕೂತ್ಕೋ, ಅಡ್ಡ ಬರಬೇಡ ಅಂತ. ಒಂದ್ಸಲನಾದ್ರೂ ಚೆನ್ನಾಗಿದೆ ಅಂದಿದ್ದೀರಾ?”

ಹಾಲಪ್ಪನ ಬಾಯಿಗೆ ಬಂದ ಬೈಗುಳ ಅಲ್ಲೇ ಆರಿತು. ಗುಜರಾತಿಯಲ್ಲಿ ಬೇಸ್ ಎಂದರೆ ಕೂತುಕೋ. ಅವನ ಊರಲ್ಲಿ ಬೇಸ್ ಎಂದರೆ ಭೇಷ್, ಬಹಳ ಒಳ್ಳೆಯದು. ಹೆಂಡತಿ ಸೀತಾ ಹಾಸನದ ಕಡೆಯವಳು, ಚೆನ್ನಾಗಿದೆ ಎನ್ನುವವಳು. ಮಗಳು ಕಲಿತದ್ದು ತಾಯಿಯ ಕನ್ನಡ, ಬೀದಿಯ ಗುಜರಾತಿ. ಕಣ್ಣೆದುರು ಪುಟ್ಟ ಆಶ್ರಿತಾ ತೇಲಿ ಬಂದಳು. ನವಿಲಿನ ಚಿತ್ರ ತಂದು ತೋರಿಸುತ್ತಾಳೆ, ಬೇಸ್ ಎನ್ನುತ್ತಾನೆ, ಕೂಸು ಮೂಲೆಯಲ್ಲಿ ಕೂರುತ್ತದೆ. ಸೊಟ್ಟ ರೊಟ್ಟಿ ಬಡಿದು ತರುತ್ತಾಳೆ, ಬೇಸ್, ಮತ್ತೆ ಕೂರುತ್ತಾಳೆ. ಎಷ್ಟು ಹೇಳಿದ ಹಾಗೆ ಕೇಳುವ ಮಗು ಎಂದು ಅವನು ಬೀಗಿದ್ದ!

“ಅಯ್ಯ ನನ್ನವ್ವ,” ಎಂದು ಹಾಲಪ್ಪ ಧೂಳಿನಲ್ಲೇ ಕುಸಿದ. “ಬೇಸ್ ಅಂದ್ರ ಚಲೋ ಅಂತಬೇ. ನಿಮ್ಮ ಗುಜರಾತ್ಯಾಗ ಸರಸ್ ಅಂತಾರಲ್ಲ, ಅದು.”

ಅವಳು ಬೆರಗಾಗಿ ನೋಡಿದಳು. “ನವಿಲು?”

“ಬೇಸಿತ್ತು.”

“ರೊಟ್ಟಿ?”

“ಸೊಟ್ಟಿತ್ತು. ಆದ್ರ ಬೇಸಿತ್ತು.”

ಆಶ್ರಿತಾ ನಕ್ಕಳು, ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು. ಹೋಗಬೇಡ ಎನ್ನುವ ಮಾತು ಹಾಲಪ್ಪನ ತುಟಿಯವರೆಗೆ ಬಂತು.

“ನಾಳೆ ಹೋಗ್ತೀನಿ ಪಪ್ಪಾ,” ಎಂದಳು ಅವಳೇ, ಅವನ ಭುಜಕ್ಕೆ ತಲೆಯಿಟ್ಟು. “ಆದ್ರೆ ಇನ್ನು ಸಿಟ್ಟಲ್ಲಿ ಅಲ್ಲ.”