ಆನೆಗೆ ಟಾಟಾ

ಸೂರತ್ತಿನ ಅಡಾಜಣ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಧಾರವಾಡದ ಹೆಂಗಸು ರಜೆಯ ಬೆಳಿಗ್ಗೆ ಅಕ್ಕಪಕ್ಕದ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಪ್ರಾಣಿಗಳ ಚಿತ್ರಪುಸ್ತಕ ತೋರಿಸುತ್ತಿದ್ದರು.

“ಆಂಟಿ, ಜಲ್ದಿ!” ಎಂದು ನನ್ನ ಮಗಳು ಪುಟ ಎಳೆಯುತ್ತಿದ್ದಳು.

“ಗಡಿಬಿಡಿ ಮಾಡಬ್ಯಾಡವಾ. ಮೊದಲ ಆನಿಗೆ ಟಾಟಾ ಹೇಳು.”

ಟಾಟಾ ಹೇಳದೆ ಅವರು ಪುಟ ತಿರುಗಿಸುತ್ತಿರಲಿಲ್ಲ.

ಭೂಮಿ ನಡುಗಿದ ಆ ಬೆಳಿಗ್ಗೆಯೂ ಮಗಳು ಅಲ್ಲೇ ಇದ್ದಳು. ಮೂರನೆಯ ಮಹಡಿಯಿಂದ ಅವಳನ್ನು ಎತ್ತಿಕೊಂಡು ಓಡಿಬಂದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಂಬಿಯೂ ಇದ್ದೆ.

ನಿನ್ನೆ ಅದನ್ನು ಬರೆಯಲು ಕುಳಿತಾಗ ಕಣ್ಣೆದುರು ಬಂದದ್ದೇ ಬೇರೆ. ಅವರು ಮೆಟ್ಟಿಲಿಳಿದು ನನ್ನತ್ತ ಬರುತ್ತಿದ್ದಾರೆ. ಸೊಂಟದ ಮೇಲೆ ನನ್ನ ಮಗಳು, ಸೆರಗು ಹಿಡಿದ ಇನ್ನಿಬ್ಬರು ಮಕ್ಕಳು. “ಮೊಲಕ್ಕ ಟಾಟಾ ಹೇಳ್ರಿ, ಆಮಿಗೆ ಟಾಟಾ ಹೇಳ್ರಿ” ಎನ್ನುತ್ತಿದ್ದಾರೆ. ಮಕ್ಕಳು ಅಳದೆ ಕೈ ಬೀಸುತ್ತಿದ್ದಾರೆ.

ನನ್ನ ಪೆನ್ನು ನಿಂತುಬಿಟ್ಟಿತು. ಅವರು ಇಳಿದು ಬರುವುದು ನನಗೆ ಕಂಡಿತ್ತೆಂದರೆ ನಾನು ಆಗಲೇ ಕೆಳಗೆ ನಿಂತಿದ್ದೆ ಎಂದೇ ಅರ್ಥ. ಮಗಳಿಲ್ಲದೆ.

ನನ್ನ ಕಥೆಯನ್ನು ಒಮ್ಮೆ ಅವರೆದುರಿಗೇ ಹೇಳಿದ್ದೆ. ಅವರು ಮಗಳ ತಲೆ ಸವರುತ್ತ ಅಂದಿದ್ದರು:

“ಹೌದ್ರಿ, ಭಾಳ ಗಟ್ಟಿ ಹಿಡಕೊಂಡಿದ್ರಿ.”