ತಟ್ಟೆಯ ಇನ್ನೊಂದು ಮೈ

ಪಿರೇಯಸ್ ಬಂದರಿನಲ್ಲಿ ಎಳ್ಳು ಮೆತ್ತಿದ ಬಳೆಬ್ರೆಡ್ಡು ಮಾರುವ ಕಲ್ಲಿರೋಯ್ ಒಮ್ಮೆ ಕೂಗಿದಳೆಂದರೆ ಹೊರಟ ಹಡಗಿನವರೂ ತಿರುಗಿ ನೋಡುತ್ತಿದ್ದರು. ಅಷ್ಟು ಕೀರಲು ದನಿ.

"ನಿಮ್ಮಪ್ಪನ ದನಿ ಜೇನು ಕಣೆ. ನಿಂಗೆ ಈ ಕಾಗೆ ಗಂಟಲು ಎಲ್ಲಿಂದ ಬಂತೋ!" ಎಂದು ಸೋದರತ್ತೆ ಎವಾಂಥಿಯಾ ಅವಳನ್ನು ಚಿಕ್ಕಂದಿನಿಂದ ಹಂಗಿಸುತ್ತಿದ್ದಳು.

ಅಪ್ಪ ಪಾಂಡೆಲಿಸ್ ಯುದ್ಧದ ಹಸಿವಿನಲ್ಲಿ ತೀರಿಹೋದಾಗ ಕಲ್ಲಿರೋಯ್ ತೊಟ್ಟಿಲಲ್ಲಿದ್ದಳು. ಅವನು ಭಂಗಿ ಸೇದುವವರ ಅಡ್ಡೆಗಳಲ್ಲಿ ಬಗ್ಲಮಾ ನುಡಿಸುತ್ತಿದ್ದ. ಪೊಲೀಸರು ಬಂದರೆ ಕೋಟಿನೊಳಗೆ ಮುಚ್ಚಿಡಬಹುದಾದಷ್ಟು ಪುಟ್ಟ ತಂತಿವಾದ್ಯ ಅದು. ಒಂದು ಗ್ರಾಮಫೋನ್ ತಟ್ಟೆಗೂ ನುಡಿಸಿದ್ದನಂತೆ. ಯಾವುದಕ್ಕೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪನ ಫೋಟೋ ಇತ್ತು, ದನಿ ಇರಲಿಲ್ಲ. ಅದನ್ನೊಮ್ಮೆ ಕೇಳಬೇಕೆಂಬುದು ಕಲ್ಲಿರೋಯ್‌ಳ ಆಸೆ.

ಆ ಕಾಲದ ತಟ್ಟೆಗಳ ಮೇಲೆ ನುಡಿಸಿದವರ ಹೆಸರು ಅಚ್ಚಾಗುತ್ತಿರಲಿಲ್ಲ. ಆದರೆ ಹಾಡಿನ ನಡುವೆ ತಂತಿ ಮೇಲೆದ್ದಾಗ ಹಾಡುವವರು ನುಡಿಸುವವನ ಹೆಸರು ಹಿಡಿದು ಭಲೇ ಎನ್ನುತ್ತಿದ್ದರು. ಹಾಗಾಗಿ ಹುಡುಕುವುದೆಂದರೆ ಕೇಳುವುದೇ. ಭಾನುವಾರ ಬಂತೆಂದರೆ ಅವಳು ಗುಜರಿ ಸಂತೆಯ ಪ್ರೋದ್ರೊಮೊಸನ ಅಂಗಡಿಯಲ್ಲಿ.

"ಬಂದ್ಯಾ? ನಿಮ್ಮಪ್ಪ ಈ ವಾರಾನೂ ಸಿಕ್ಕಿಲ್ಲಮ್ಮ," ಎಂದು ಅವನು ನಗುತ್ತಿದ್ದ.

ಒಂದು ಭಾನುವಾರ ಅತ್ತೆಯೂ ನೂಲು ಕೊಳ್ಳಲೆಂದು ಜೊತೆಗೆ ಬಂದಿದ್ದಳು. ಪ್ರೋದ್ರೊಮೊಸ್ ಯಾರದೋ ಮನೆಯಲ್ಲಿ ಆಲಿವ್ ಭರಣಿಗೆ ಮುಚ್ಚಳವಾಗಿದ್ದ ತಟ್ಟೆಯೊಂದನ್ನು ಒರೆಸಿ ಹಾಕಿದ. ಸ್ತಮಾತಾ ಎಂಬ ಹೆಣ್ಣೊಬ್ಬಳ ಹಾಡು. ಕರಕರ ಸದ್ದಿನ ನಡುವೆ ಪುಟಪುಟನೆ ತಂತಿ. ಆಮೇಲೆ, "ಭಲೇ, ಪಾಂಡೆಲಿ!"

ಅತ್ತೆಯ ಕೈಯಿಂದ ನೂಲುಂಡೆ ಜಾರಿತು.

ತಟ್ಟೆ ನಿಂತಿತು. ಕಲ್ಲಿರೋಯ್‌ಳ ಮುಖ ಇಳಿದುಹೋಯಿತು. "ಕರೆದದ್ದು ಅವಳು. ಅಪ್ಪ ಮಾತೇ ಆಡಲಿಲ್ವಲ್ಲ."

"ತಿರುವಿ ಹಾಕಯ್ಯ," ಎಂದಳು ಅತ್ತೆ. "ಭಲೇ ಅನ್ನಿಸಿಕೊಂಡು ವಾಪಸ್ ಭಲೇ ಅನ್ನದೆ ಎದ್ದು ಬರೋನಲ್ಲ ನಮ್ಮಣ್ಣ."

ಇನ್ನೊಂದು ಮೈಯಲ್ಲಿ ಎಣ್ಣೆ ಕುಡಿದ ಗೆರೆಗಳ ಮೇಲೆ ಮುಳ್ಳು ಎರಡು ಸಲ ಜಾರಿತು. ಹಾಡು ಮುಗಿಯುತ್ತ ಬಂತು. ತಂತಿಯೂ ತಗ್ಗಿತು. ಆಗ, ಕಿವಿ ಚುಚ್ಚುವಂತೆ: "ಭಲೇ, ಸ್ತಮಾತಾ! ನೂರು ವರ್ಷ ಬಾಳು!"

ಪ್ರೋದ್ರೊಮೊಸ್ ಬೆಚ್ಚಿ ಕಲ್ಲಿರೋಯ್ ಕಡೆ ನೋಡಿದ. "ಕೂಗಿದ್ದು ನೀನಾ?"

ಅವಳು ತುಟಿ ಬಿಚ್ಚಿರಲಿಲ್ಲ. ಕೆನ್ನೆ ಒದ್ದೆಯಾಗಿತ್ತು, ನಗುವೂ ತಡೆಯದಾಗಿತ್ತು. "ಅತ್ತೆ, ಜೇನು ಅಂತಿದ್ಯಲ್ಲ?"

ಅತ್ತೆ ಬಗ್ಗಿ, ನೂಲುಂಡೆ ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದಳು. "ನಂಗೆ ಜೇನೇ ಆಗಿತ್ತು ಕಣೆ," ಎಂದಳು.

ಮರುದಿನ, ಎಂದೂ ಬಂದರಿನತ್ತ ಸುಳಿಯದ ಎವಾಂಥಿಯಾ ಬ್ರೆಡ್ಡಿನ ಬುಟ್ಟಿಯ ಪಕ್ಕ ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತಳು. ಕಣ್ಣು ಮುಚ್ಚಿಕೊಂಡಳು. ಹಡಗೊಂದು ದಡ ಮುಟ್ಟುತ್ತಿತ್ತು.

"ಯಾಕೆ ಸುಮ್ನಿದೀಯ?" ಎಂದು ಸೋದರಸೊಸೆಯನ್ನು ತಿವಿದಳು. "ಕೂಗೇ!"